ಹುಳ ಎದ್ದ ವಾರದ ಹಾಜರಿ

ಬೀಗವೇ ಇತ್ತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ, ಆದರೆ ಅದು ಬೀಗವೋ ಅಥವಾ ಚಿಲಕಕ್ಕೆ ಸಿಕ್ಕಿಸಿದ ಒಂದು ಕಡ್ಡಿಯೋ ಎಂದು ಯಾರಾದರೂ ಒತ್ತಿ ಕೇಳಿದರೆ ಹೇಳಲಾರೆ. ಬಾಗಿಲು ನೀಲಿ ಎನ್ನುವುದೂ ಅಷ್ಟೇ. ಆ ಊರಿನ ಅರ್ಧ ಬಾಗಿಲುಗಳು ನೀಲಿ. ಬೇರೆ ಯಾರದೋ ಮನೆಯ ಬಣ್ಣವನ್ನು ತಂದು ಈ ಮನೆಗೆ ಹಚ್ಚಿರಬಹುದು. ಹೊಸ್ತಿಲಲ್ಲಿ ಸುಣ್ಣದ ಪುಡಿ ಚೆಲ್ಲಿತ್ತು ಎನ್ನುವುದು ಮಾತ್ರ ನಿಜ. ಅದು ನನ್ನ ಚಪ್ಪಲಿಗೆ ಹತ್ತಿತ್ತು, ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಚೂರಿನಿಂದ ಅದನ್ನು ಕೆರೆದಿದ್ದೆ.

ಹೋದ ತಿಂಗಳು ಪರಿಚಯದವರ ಮದುವೆಗೆಂದು ಮುಳಬಾಗಿಲಿಗೆ ಹೋಗಿದ್ದೆ. ವಾಪಸು ಕೋಲಾರಕ್ಕೆ ಬರುವ ಬಸ್ಸಿನಲ್ಲಿ ಒಬ್ಬರು ನನ್ನ ಕಾಲ ಹತ್ತಿರ ರೇಷ್ಮೆಗೂಡಿನ ಚೀಲ ಇಟ್ಟರು. ಬಾಡಿದ ಸೊಪ್ಪು, ಹುಳದ ಹಿಕ್ಕೆ, ಸುಣ್ಣ, ಮೂರೂ ಸೇರಿದ ವಾಸನೆ. ಚೀಲದವರು, "ವಾಸ್ನೆ ಬರುತ್ತಾ ಅಮ್ಮ, ಹಿಂದಕ್ಕೆ ಇಡ್ಲಾ?" ಎಂದರು. ಬೇಡ ಎಂದೆ. ಅಷ್ಟು ಹೊತ್ತಿಗೆ ನಾನು ಆ ಬಾಗಿಲ ಮುಂದೆ ನಿಂತಾಗಿತ್ತು.

ನಾನು ಗದಗಿನ ಕಡೆಯವಳು. ಜನ ಮಾಸ್ಕು ಹಾಕುವುದನ್ನು ಬಿಟ್ಟ ಮಾರನೆಯ ವರ್ಷ, ಜೂನ್‌ನಿಂದ ಫೆಬ್ರವರಿ ಕೊನೆಯವರೆಗೆ, ಕೋಲಾರ ಜಿಲ್ಲೆಯಲ್ಲಿ ಒಂದು ಟ್ರಸ್ಟಿನ ಕೆಲಸದಲ್ಲಿದ್ದೆ. ಟ್ರಸ್ಟಿನವರು ಕೆಲವು ಬಡ ಕುಟುಂಬಗಳ ತಾಯಂದಿರ ಬ್ಯಾಂಕ್ ಖಾತೆಗೆ ತಿಂಗಳು ತಿಂಗಳು ಎರಡೂವರೆ ಸಾವಿರ ರೂಪಾಯಿ ನೇರವಾಗಿ ಹಾಕುತ್ತಿದ್ದರು. ಮನೆಯಲ್ಲಿ ಹೈಸ್ಕೂಲೋ ಪಿಯುಸಿಯೋ ಓದುವ ಮಕ್ಕಳಿರಬೇಕು, ಕುಟುಂಬ ಆ ಊರಿನಲ್ಲೇ ಇರಬೇಕು. ಹಣ ಹೇಗೆ ಖರ್ಚು ಮಾಡಬೇಕು ಎಂದು ಯಾರೂ ಹೇಳುವಂತಿಲ್ಲ, ರಸೀದಿ ಕೇಳುವಂತಿಲ್ಲ. ವರ್ಷಕ್ಕೆ ಮೂರು ಸಲ ಮನೆಗಳಿಗೆ ಹೋಗಿ, ಜನ ಅಲ್ಲೇ ಇದ್ದಾರೆಯೇ ಎಂದು ನೋಡಿ, ಕಚೇರಿ ಕೊಟ್ಟ ಫೋನಿನಲ್ಲಿ ಗುರುತು ಹಾಕುವುದು ನನ್ನ ಕೆಲಸ.

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಒಂದು ರೂಮು ಹಿಡಿದಿದ್ದೆ. ಮೊದಲ ತಿಂಗಳು ಬೀದಿಯ ತುಂಬ ಲಾರಿ, ಒಣಹುಲ್ಲು, ಹಣ್ಣಿನ ಘಮ, ಕೂಗಾಟ. ನಾನು ಇದೇ ಊರಿನ ಸ್ವಭಾವ ಎಂದುಕೊಂಡಿದ್ದೆ. ಜುಲೈ ಮುಗಿಯುವಷ್ಟರಲ್ಲಿ ಮಂಡಿ ಮುಚ್ಚಿತು, ಕೂಲಿಯವರು ಹೋದರು, ಖಾಲಿ ಕ್ರೇಟುಗಳನ್ನು ಗೋಡೆಗೆ ಒಟ್ಟಿ ಹಗ್ಗ ಬಿಗಿದರು. ಆಮೇಲೆ ಆ ಬೀದಿಯಲ್ಲಿ ಸಂಜೆ ಓಡಾಡುವವಳು ನಾನೊಬ್ಬಳೇ. ಕೆಳಗಿನ ಹೋಟೆಲಿನವರು ನನ್ನ ಜೊತೆ ಮುದ್ದೆ ಬೇಕಾ, ಅನ್ನ ಸಾಕಾ ಎನ್ನುವಷ್ಟು ಕನ್ನಡ ಆಡುತ್ತಿದ್ದರು. ನಗುವ ಮಾತೆಲ್ಲ ತೆಲುಗಿನಲ್ಲಿ, ಬೇರೆ ಮೇಜುಗಳಲ್ಲಿ. ಭಾನುವಾರವಿಡೀ ಯಾರೊಂದಿಗೂ ಮಾತಾಡದೆ ಇದ್ದು, ಸೋಮವಾರ ಬೆಳಿಗ್ಗೆ ಕಂಡಕ್ಟರಿಗೆ ಊರ ಹೆಸರನ್ನು ಎರಡೆರಡು ಸಲ ಹೇಳಬೇಕಾಗುತ್ತಿತ್ತು.

ರತ್ನಮ್ಮನ ಮನೆಗೆ ಮೊದಲ ಸಲ ಹೋದದ್ದು ಜೂನ್‌ನಲ್ಲಿ. ಕೋಲಾರದ ರಸ್ತೆಯಲ್ಲಿ ಬಸ್ಸಿಳಿದು, ಟೊಮೆಟೊ ಹೊಲಗಳ ನಡುವೆ ಅರ್ಧ ಗಂಟೆ ನಡೆಯಬೇಕು. ಕಲ್ಲುಚಪ್ಪಡಿಯ ಮನೆ, ಎರಡೇ ಕೋಣೆ. ಒಂದರಲ್ಲಿ ಅವರು, ಇನ್ನೊಂದರಲ್ಲಿ ರೇಷ್ಮೆಹುಳು. ಗಂಡ ಮುನಿರಾಜು ಮಂಡಿಯಲ್ಲಿ ಟೊಮೆಟೊ ಕ್ರೇಟು ಹೊರುವಾಗ ಬಿದ್ದು ಸೊಂಟ ಕೆಡಿಸಿಕೊಂಡಿದ್ದರು. ಬಗ್ಗಲಾಗುತ್ತಿರಲಿಲ್ಲ, ಕೂತು ಸೊಪ್ಪು ಹೆಚ್ಚಿ ಕೊಡುತ್ತಿದ್ದರು. ಗುತ್ತಿಗೆಗೆ ಮಾಡಿದ ಅರ್ಧ ಎಕರೆ ಹಿಪ್ಪುನೇರಳೆ ತೋಟ ರತ್ನಮ್ಮನ ಮೇಲೆ. ಒಬ್ಬಳೇ ಮಗಳು ಅನೂಷಾ, ಕೋಲಾರದ ಕಾಲೇಜಿನಲ್ಲಿ ಎರಡನೇ ಪಿಯುಸಿ, ಸೈನ್ಸ್.

"ನೀವಽ ರತ್ನಮ್ಮ ಏನ್ರೀ?" ಎಂದೆ.

ಅವಳು ಸೊಪ್ಪಿನ ಹೊರೆ ಇಳಿಸಿ ನಕ್ಕಳು. "ಏನ್ ಮೇಡಂ, ನಾನು ಗಂಡನ್ನೇ ರೀ ಅನ್ನಲ್ಲ. ನೀವು ನನ್ನ ಅಂತೀರಲ್ಲ."

ಒಳಗಿನಿಂದ ಮುನಿರಾಜು, "ನನ್ನ ಏನಂತಾಳೆ ಅದನ್ನೂ ಕೇಳ್ಕೊಳಿ ಮೇಡಂ," ಎಂದರು.

ಹಣದ ಬಗ್ಗೆ ಕೇಳುವಂತಿಲ್ಲ ಎಂದರೂ ಫೋನಿನಲ್ಲಿ ಒಂದು ಪ್ರಶ್ನೆ ಇತ್ತು: ಮಗುವಿನ ಓದಿಗೆ ಈ ಹಣ ಹೇಗೆ ನೆರವಾಗುತ್ತದೆ? ಕೆಳಗೆ ಫೀಸು, ಪುಸ್ತಕ, ಬಸ್ ಪಾಸು, ಬಟ್ಟೆ, ಊಟ, ಇತರೆ ಎಂದು ಪಟ್ಟಿ. ನಾನು ಓದಿ ಹೇಳಿದೆ.

"ಆಳು ಹಾಕ್ತೀನಿ," ಎಂದಳು ರತ್ನಮ್ಮ.

"ಅಲ್ರೀ, ಓದಿಗೆ."

"ಓದಿಗೇ ಮೇಡಂ."

ಅವಳು ನನಗೆ ತಿಳಿಸಿ ಹೇಳಿದಳು. ಹುಳ ಪೊರೆ ಬಿಡಲು ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ವಿಪರೀತ ಹಸಿವು. ಏಳೆಂಟು ದಿನ ಒಂದೇ ಸಮ ತಿನ್ನುತ್ತದೆ, ಆಮೇಲೆ ಗೂಡು ಕಟ್ಟುತ್ತದೆ. ಆ ಎಂಟು ದಿನ ಸೊಪ್ಪು ಒಂದು ಹೊತ್ತು ತಪ್ಪಿದರೂ ಬೆಳೆ ಹೋದಂತೆ.

"ಇವರಿಗೆ ಬಗ್ಗಕ್ಕಾಗಲ್ಲ. ನಾನೊಬ್ಳೇ ಎಷ್ಟು ಅಂತ ಕೊಯ್ಲಿ? ಅದಕ್ಕೇ ಇವಳನ್ನ ಕಾಲೇಜು ಬಿಡಿಸ್ತೀನಿ. ಬೆಳೆ ಬೆಳೆಗೂ ಎಂಟು ದಿನ. ಹೋದ್ ವರ್ಷ ಲೆಕ್ಚರರು ಕೇಳಿದ್ರಂತೆ, ಏನಮ್ಮ, ನಿನಗೆ ಎರಡು ತಿಂಗಳಿಗೊಂದ್ಸಲ ಟೈಮ್ ಇಟ್ಕೊಂಡು ಕಾಯಿಲೆ ಬರುತ್ತಾ ಅಂತ."

ಬಾಗಿಲಲ್ಲಿ ನಿಂತಿದ್ದ ಅನೂಷಾ, "ಅಮ್ಮಾ, ಸುಮ್ನಿರೇ," ಎಂದಳು.

"ಸರ್ಕಾರಿ ಕಾಲೇಜು, ಫೀಸು ಹೆಂಗೋ ಕಟ್ತೀವಿ ಮೇಡಂ. ದಿನ ಎಲ್ಲಿಂದ ತರ್ಲಿ?"

ನಾನು 'ಇತರೆ' ಎಂದು ಒತ್ತಿ, ಪಕ್ಕದಲ್ಲಿ ಕೂಲಿ ಎಂದು ಬರೆದೆ. ಎರಡು ದಿನ ಬಿಟ್ಟು ಮೇಲಿನವರು ಫೋನ್ ಮಾಡಿ, ಇದೇನು ಹುಳ ಸಾಕಲು ದುಡ್ಡು ಕೊಟ್ಟ ಹಾಗಾಯಿತಲ್ಲ, ಪುಸ್ತಕ ಹಿಡಿದ ಒಂದು ಫೋಟೊ ಆದರೂ ಕಳಿಸಿ ಎಂದರು. ಕಳಿಸಿದೆ. ಆ ಫೋಟೊದಲ್ಲಿ ಅನೂಷಾ ಹಿಡಿದದ್ದು ಹೋದ ವರ್ಷದ ಪುಸ್ತಕ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಕೋಲಾರದ ಬಸ್ಸಿನಲ್ಲಿ ಅವಳು ಸಿಕ್ಕಳು. ನಿಂತಲ್ಲೇ ತೂಕಡಿಸುತ್ತಿದ್ದಳು. ಬೆರಳೆಲ್ಲ ಸೊಪ್ಪಿನ ಕರೆ.

"ಮೇಡಂ, ನೆನ್ನೆ ಹುಳ ಎದ್ದಿದೆ."

"ಮತ್ತ ನೀ ಇಲ್ಲೇನು ಮಾಡಾಕತ್ತಿ?"

"ಅಮ್ಮ ಚೌಡಮ್ಮತ್ತೆನ ಕೂಲಿಗೆ ಇಟ್ಟಿದ್ದಾಳೆ. ನೀನು ಹೋಗಿ ಕೂತ್ಕೊ, ನಿದ್ದೆ ಬಂದ್ರೆ ಕ್ಲಾಸಲ್ಲೇ ಮಲ್ಕೊ, ಹಾಜರಿ ಆದ್ರೂ ಬೀಳ್ಳಿ ಅಂದ್ಲು."

ಅಂದರೆ ಆ ಎರಡೂವರೆ ಸಾವಿರ ಎಂಟು ದಿನವಾಗಿ ಬದಲಾಗಿ ಬಸ್ಸು ಹತ್ತಿತ್ತು. ಹೀಗೆ ಬರೆದರೆ ಬಹಳ ಚೆನ್ನಾಗಿ ಕೂರುತ್ತದೆ, ಅದಕ್ಕೇ ನನಗೆ ಅನುಮಾನ. ಆ ದುಡ್ಡಿನಲ್ಲಿ ಲ್ಯಾಬ್ ರೆಕಾರ್ಡು ಬಂತು, ಮುನಿರಾಜು ಅವರ ಸೊಂಟಕ್ಕೆ ಎಣ್ಣೆಯೂ ಬಂತು, ಒಂದು ತಿಂಗಳು ಯಾರದೋ ಸೀಮಂತಕ್ಕೆ ಸೀರೆಯೂ ಹೋಯಿತು. ಆದರೆ ಆಗಸ್ಟಿನ ಬೆಳೆಗೆ ಅವಳು ಒಂದು ದಿನವೂ ಕಾಲೇಜು ತಪ್ಪಿಸಲಿಲ್ಲ. ಅದನ್ನು ಅವಳೇ ಹೇಳಿದಳು, ಮಾರ್ಕ್ಸು ಹೇಳುವ ಹಾಗೆ, ಸ್ವಲ್ಪ ಗತ್ತಿನಿಂದ. ಪಿಯುಸಿ ಆದ ಮೇಲೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡುತ್ತೇನೆ, ಬಿಳಿ ಕೋಟು ಹಾಕುತ್ತೇನೆ ಎಂದಳು.

ಆಮೇಲೆ ಕೆಲಸ ಇಲ್ಲದ ದಿನವೂ ನಾನು ಆ ಬಸ್ಸು ಹತ್ತತೊಡಗಿದೆ. ವಾರಕ್ಕೊಮ್ಮೆ ಎಂದು ನನ್ನ ನೆನಪು. ಒಟ್ಟು ಮೂರೇ ಸಲ ಇರಲೂಬಹುದು. ಅವಳಿಗೆ ಅದು ಬಸ್ಸಿನಲ್ಲಿ ಸಿಗುವ ಮೇಡಂ ಜೊತೆ ಅರ್ಧ ಗಂಟೆಯ ಹರಟೆ. ನನಗೆ ಆ ವಾರದ ಮಾತೆಲ್ಲ ಅದೇ.

ಅಕ್ಟೋಬರಿನಲ್ಲಿ ನನ್ನನ್ನು ಮಾಲೂರಿನ ಹಳ್ಳಿಗಳಿಗೆ ಹಾಕಿದರು. ಒಂದೂವರೆ ತಿಂಗಳು ಈ ದಾರಿಗೆ ಬರಲಿಲ್ಲ. ಅಲ್ಲಿ ಒಂದು ತಪ್ಪು ಮಾಡಿದ್ದೆ. ಊರು ಬಿಟ್ಟು ಹೋಗಿದ್ದ ಒಂದು ಕುಟುಂಬವನ್ನು ಪಕ್ಕದವರ ಮಾತು ನಂಬಿ ಇದ್ದಾರೆ ಎಂದು ಬರೆದಿದ್ದೆ, ಮೇಲಿನವರಿಂದ ಸರಿಯಾಗಿ ಬೈಸಿಕೊಂಡಿದ್ದೆ. ಇದನ್ನು ನೆವವಾಗಿ ಹೇಳುತ್ತಿಲ್ಲ. ನೆವವಾಗಿಯೇ ಹೇಳುತ್ತಿದ್ದೇನೆ.

ನವೆಂಬರ್ ಮಧ್ಯದಲ್ಲಿ ರತ್ನಮ್ಮನ ಮನೆಯ ಎರಡನೇ ಭೇಟಿ. ಮಂಗಳವಾರ ಹೋದೆ. ಬಾಗಿಲು ಮುಚ್ಚಿತ್ತು. ಎದುರುಮನೆಯ ಜಗುಲಿಯ ಮೇಲೆ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತಿತ್ತು. ಕೇಳಿದೆ. "ಎವರೂ ಲೇರಮ್ಮಾ," ಎಂದಿತು. ಯಾರೂ ಇಲ್ಲ ಎನ್ನುವಷ್ಟು ತೆಲುಗು ಆ ಹೊತ್ತಿಗೆ ನನಗೆ ಬಂದಿತ್ತು. ಎಲ್ಲಿ ಹೋದರು ಎಂದರೆ ಅಜ್ಜಿ ಕೈ ತಿರುಗಿಸಿ ತೋರಿಸಿತು, ಅಷ್ಟೇ. ಶನಿವಾರ ಮಧ್ಯಾಹ್ನ ಮತ್ತೆ ಹೋದೆ. ಹಾಗೇ ಮುಚ್ಚಿತ್ತು. ಅದೇ ಅಜ್ಜಿ, ಅದೇ ಮಾತು. ರತ್ನಮ್ಮನಿಗೆ ಫೋನ್ ಮಾಡಿದೆನೇ? ಮಾಡಿದೆ, ಸ್ವಿಚ್ ಆಫ್ ಬಂತು ಎಂದು ನನಗೆ ಅನ್ನಿಸುತ್ತದೆ. ಫೋನಿನಲ್ಲಿ ನೋಡಿದರೆ ಗೊತ್ತಾಗುತ್ತಿತ್ತು. ಆ ಫೋನನ್ನು ಕಚೇರಿಗೆ ವಾಪಸು ಕೊಟ್ಟಿದ್ದೇನೆ.

ಇನ್ನೊಂದು ಇದೆ. ಶನಿವಾರ ಆ ಬಾಗಿಲಿನ ಹಿಂದೆ ನನಗೆ ಒಂದು ಸದ್ದು ಕೇಳಿಸಿತು, ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಬಿಸಿಲಿತ್ತು, ಮಳೆ ಇರಲಿಲ್ಲ. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ತಿಂದರೆ ಹಾಗೆ ಕೇಳುತ್ತದೆ ಎಂದು ನನಗೆ ಗೊತ್ತಾದದ್ದು ಫೆಬ್ರವರಿಯಲ್ಲಿ. ಹಾಗಾದರೆ ನವೆಂಬರಿನಲ್ಲಿ ನಾನು ಅದನ್ನು ನಿಜವಾಗಿ ಕೇಳಿದೆನೋ, ಅಥವಾ ಫೆಬ್ರವರಿಯ ಸದ್ದನ್ನು ಹಿಂದಕ್ಕೆ ಒಯ್ದು ಆ ಬಾಗಿಲ ಹಿಂದೆ ಇಟ್ಟೆನೋ? ಕೇಳಿದ್ದರೆ ನನ್ನ ತಪ್ಪು ಬೇರೆ ಥರದ್ದು. ಕೇಳಿರದಿದ್ದರೆ ಅದು ಬರೀ ತಪ್ಪು.

ಬೇಸಿಗೆಯಿಂದಲೂ ರತ್ನಮ್ಮನ ತಮ್ಮ, ವೇಮಗಲ್‌ನ ಫ್ಯಾಕ್ಟರಿಯಲ್ಲಿ ಹೌಸ್‌ಕೀಪಿಂಗ್ ಕೆಲಸ ಇದೆ, ಬಂದುಬಿಡಿ ಎಂದು ಕರೆಯುತ್ತಿದ್ದನಂತೆ, ಬಸ್ಸಿನಲ್ಲಿ ಅನೂಷಾ ಹೇಳಿದ್ದಳು. ಹೋಗಿಬಿಟ್ಟರು ಎಂದುಕೊಂಡೆ. ಹೋಗಿದ್ದಕ್ಕಲ್ಲ, ಹೇಳದೆ ಹೋದರಲ್ಲ ಎಂದು ಬೇಜಾರಾಯಿತು. ಆ ಹುಡುಗಿಯಾದರೂ ಒಂದು ಮಾತು ಹೇಳಬಹುದಿತ್ತು. ಬಸ್ಸಿಗೆ ಹೊತ್ತಾಗುತ್ತಿತ್ತು. ಫೋನಿನಲ್ಲಿ ಪ್ರಶ್ನೆ ಬಂತು: ಕುಟುಂಬ ಇಲ್ಲಿ ವಾಸವಿದೆಯೇ? ನಾನು 'ಇಲ್ಲ' ಒತ್ತಿದೆ. ಮುನಿಸಿಕೊಂಡ ಗೆಳತಿ ಒತ್ತುವ ಹಾಗೆ ಒತ್ತಿದೆ. ಇದೊಂದು ಮಾತ್ರ ನನಗೆ ಸರಿಯಾಗಿ ನೆನಪಿದೆ.

ಡಿಸೆಂಬರಿನಲ್ಲಿ ಅವರಿಗೆ ಹಣ ಹೋಗಲಿಲ್ಲ. ಜನವರಿಯಲ್ಲೂ ಹೋಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನನ್ನ ಮೆಟ್ಟಿಲ ಮೇಲೆ ಸದ್ದಾಯಿತು. ಏಳು ತಿಂಗಳಲ್ಲಿ ಆ ಮೆಟ್ಟಿಲು ಹತ್ತಿ ನನ್ನನ್ನು ನೋಡಲು ಬಂದವಳು ರತ್ನಮ್ಮ ಒಬ್ಬಳೇ. ಒಂದು ಕೈಯಲ್ಲಿ ಅವರೆಕಾಯಿಯ ಚೀಲ, ಇನ್ನೊಂದರಲ್ಲಿ ಪಾಸ್‌ಬುಕ್ಕು.

"ಹೋಟ್ಲಲ್ಲಿ ಕೇಳ್ದೆ, ಗದಗಿನ ಮೇಡಂ ರೂಮ್ ಯಾವ್ದು ಅಂತ. ಆ ರೀ ರೀ ಅನ್ನೋರಾ ಅಂದ್ರು," ಎಂದು ನಗುತ್ತಲೇ ಕೂತಳು. ಆಮೇಲೆ ನಗಲಿಲ್ಲ. "ಎರಡು ತಿಂಗಳು ದುಡ್ಡು ಬಂದಿಲ್ಲ ಮೇಡಂ. ಬ್ಯಾಂಕಲ್ಲಿ ಕೇಳಿದ್ರೆ, ಬಂದ್ರೆ ತಾನೇ ಕೊಡೋದು ಅಂತಾರೆ."

"ನಾ ಎರಡ ಸಲ ಬಂದಿದ್ದೆ. ಬಾಗಿಲ ಹಾಕಿತ್ತು."

"ಯಾವಾಗ?"

ಹೇಳಿದೆ. ಅವಳು ಬೆರಳು ಮಡಿಸಿ ದಿನ ಎಣಿಸಿದಳು.

"ಅಯ್ಯೋ, ಆಗ ಹುಳ ಎದ್ದಿತ್ತಲ್ಲ ಮೇಡಂ. ಹುಳ ಎದ್ದ್ ಮೇಲೆ ಮುಂದಿನ ಬಾಗ್ಲು ಯಾರ್ ತೆಗೀತಾರೆ? ಗೂಡು ಕಟ್ಟೋವರ್ಗೂ ಹಿತ್ಲಿಂದ್ಲೇ ಓಡಾಟ. ಎಲ್ಲಿಂದ್ಲೋ ಬಂದೋರು ಒಳಗೆ ಕಾಲಿಟ್ರೆ ರೋಗ ತರ್ತಾರೆ, ಇಲ್ಲಾ ಕಣ್ಣು ಬೀಳುತ್ತೆ. ಅದಕ್ಕೇ ಎದುರ್ಮನೆ ಅಜ್ಜಿಗೆ ಹೇಳಿರ್ತೀವಿ, ಯಾರ್ ಕೇಳಿದ್ರೂ ಇಲ್ಲ ಅಂದ್ಬಿಡು ಅಂತ. ಹೊಸ್ತಿಲಲ್ಲಿ ಸುಣ್ಣ ನೋಡ್ಲಿಲ್ವಾ? ನಮ್ ಕಡೆ ಸುಣ್ಣ ನೋಡಿದ್ರೆ ಮಕ್ಳಿಗೂ ಗೊತ್ತಾಗುತ್ತೆ."

ನಾನು ಅವರೆಕಾಯಿಯ ಚೀಲವನ್ನು ಸ್ಟೌವಿನ ಪಕ್ಕಕ್ಕೆ ಇಟ್ಟೆ.

"ಈ ತಿಂಗಳು ಬೆಳೆಗೆ ಆಳು ಹಾಕಕ್ಕಾಗ್ಲಿಲ್ಲ. ಅವಳನ್ನೇ ನಿಲ್ಲಿಸ್ಕೊಂಡೆ, ಎಂಟು ದಿನ. ಅದರಲ್ಲೇ ಒಂದು ಪರೀಕ್ಷೆನೂ ಇತ್ತಂತೆ, ದೊಡ್ಡ ಪರೀಕ್ಷೆಗೆ ಮುಂಚೆ ಇಡ್ತಾರಲ್ಲ, ಅದು. ಈಗ ಹಾಜರಿ ಕಡಿಮೆ ಆಯ್ತು, ಹಾಲ್ ಟಿಕೆಟ್ ಕೊಡಲ್ಲ ಅಂತಿದಾರೆ ಅಂತ ಅಳ್ತಾ ಕೂತವಳೆ. ಏನಾಗಿದೆ ಮೇಡಂ ದುಡ್ಡು?"

"ಕಂಪ್ಯೂಟರಿನಾಗ ಏನೋ ತೊಂದರಿ ಆಗೇತಿ," ಎಂದೆ. "ನಾ ಸರಿ ಮಾಡಿಸ್ತೀನಿ."

ಅವಳು ನಂಬಿದಳು. ನಂಬಿ, ನನ್ನ ಸ್ಟೌವಿನ ಪಕ್ಕ ಕೂತು ಅವರೆಕಾಯಿ ಅರ್ಧ ಸುಲಿದುಕೊಟ್ಟು ಹೋದಳು.

ಸರಿ ಮಾಡಿಸಿದೆ. ಮನೆ ಮತ್ತೆ ಪತ್ತೆಯಾಗಿದೆ, ಕುಟುಂಬ ಅಲ್ಲೇ ಇದೆ ಎಂದು ಬರೆದೆ. ನನ್ನ ತಪ್ಪು ಎಂದು ಬರೆಯಲಿಲ್ಲ. ಹಿಂದಿನ ತಿಂಗಳುಗಳ ಹಣವೂ ಸೇರಿ ಫೆಬ್ರವರಿ ಮೊದಲಲ್ಲಿ ಒಟ್ಟಿಗೆ ಬಂತು. ರತ್ನಮ್ಮ ಮರುದಿನವೇ ಅನೂಷಾಳನ್ನು ಬಸ್ಸು ಹತ್ತಿಸಿದಳಂತೆ. ಮುಂದಿನ ಬೆಳೆಗೆ ಚೌಡಮ್ಮನ ಜೊತೆ ಇನ್ನೊಬ್ಬಳನ್ನೂ ಕೂಲಿಗೆ ಗೊತ್ತುಮಾಡಿದಳು. ದುಡ್ಡು ಬಂದರೆ ಆ ಮನೆಯಲ್ಲಿ ಏನಾಗುತ್ತದೆ ಎಂದು ಯಾವ ವರದಿಯೂ ಅಷ್ಟು ನೇರವಾಗಿ ತೋರಿಸಲಾರದು. ಬಂದಾಗ ಹುಡುಗಿ ಬಸ್ಸಿನಲ್ಲಿರುತ್ತಿದ್ದಳು, ನಿಂತಾಗ ತೋಟದಲ್ಲಿರುತ್ತಿದ್ದಳು.

ನನ್ನ ಕರಾರು ಮುಗಿಯಲು ನಾಲ್ಕೈದು ದಿನ ಇರುವಾಗ ಕೊನೆಯ ಸಲ ಆ ಮನೆಗೆ ಹೋದೆ. ಹುಳ ಎದ್ದಿತ್ತು, ಹಿತ್ತಿಲಿಂದ ಹೋದೆ. ಬ್ಯಾಗು ಹೊರಗೇ ಇಡಿಸಿ, ಕೈಕಾಲು ತೊಳೆಸಿ, ರತ್ನಮ್ಮ ನನ್ನನ್ನು ಹುಳದ ಕೋಣೆಯ ಬಾಗಿಲವರೆಗೆ ಬಿಟ್ಟಳು. ಅಲ್ಲಿ ಆ ಮಳೆಯ ಸದ್ದು. ನಾಲ್ಕೂವರೆಗೆ ಅನೂಷಾ ಕಾಲೇಜಿನಿಂದ ಬಂದು ಹಿತ್ತಿಲ ಕಲ್ಲಿನ ಮೇಲೆ ನನ್ನ ಪಕ್ಕ ಕೂತಳು. ಸೊರಗಿದ್ದಳು.

"ಆರು ದಿನ ಕಡಿಮೆ ಬೀಳುತ್ತಂತೆ ಮೇಡಂ. ನಮ್ ಕೆಮಿಸ್ಟ್ರಿ ಲೆಕ್ಚರರು ಪ್ರಿನ್ಸಿಪಾಲರನ್ನ ಕೇಳಿ ನೋಡ್ತೀನಿ ಅಂದಿದಾರೆ. ನಾಡಿದ್ದು ಹೇಳ್ತಾರೆ."

ನಾನು ಒಂದು ಪತ್ರ ಬರೆದುಕೊಟ್ಟೆ. ಮನೆಯ ಆರ್ಥಿಕ ತೊಂದರೆಯಿಂದ ವಿದ್ಯಾರ್ಥಿನಿ ಜನವರಿಯಲ್ಲಿ ಗೈರುಹಾಜರಾಗಬೇಕಾಯಿತು, ದಯವಿಟ್ಟು ಪರಿಗಣಿಸಬೇಕು ಎಂದು. ಅದರಲ್ಲಿ ನಾನು ಎಲ್ಲೂ ಇರಲಿಲ್ಲ. ಅವಳು ಅದನ್ನು ಮಡಿಸಿ ರೆಕಾರ್ಡಿನೊಳಗೆ ಇಟ್ಟಳು. ಆಮೇಲೆ ಸ್ವಲ್ಪ ಹೊತ್ತು ನೆಲದ ಮೇಲಿದ್ದ ಸೊಪ್ಪಿನ ಕಡ್ಡಿಗಳನ್ನು ಕಾಲಿನಿಂದ ಸರಿಸುತ್ತ ಇದ್ದಳು.

"ಮೇಡಂ, ಅವತ್ತು ಶನಿವಾರ ಕಾಲೇಜು ಅರ್ಧ ದಿನ, ನೀವು ಬಂದಾಗ ನಾನು ಒಳಗೇ ಇದ್ದೆ. ಬಾಗ್ಲ ಸಂದಿಯಿಂದ ನೋಡ್ದೆ. ಕರೀಬೇಕು ಅನ್ನಿಸ್ತು. ಹುಳ ಎದ್ದಾಗ ಬಾಗ್ಲತ್ರ ಬಾಯಿ ಬಿಡ್ಬೇಡ ಅಂತ ಅಮ್ಮ ಹೇಳಿದ್ಳು, ಅದಕ್ಕೆ ಸುಮ್ನಾದೆ. ನೀವು ಫೋನ್ ನೋಡ್ಕೊಂಡು ನಿಂತಿದ್ರಿ. ನಾನು ಕರೆದಿದ್ರೆ ದುಡ್ಡು ನಿಲ್ತಿರ್ಲಿಲ್ಲ ಅಲ್ವಾ?"

ಅವಳ ಅಮ್ಮನಿಗೆ ಇದನ್ನು ಹೇಳಿರಲಿಲ್ಲ. ಒಂದು ತಿಂಗಳಿನಿಂದ ಒಬ್ಬಳೇ ಹೊತ್ತುಕೊಂಡಿದ್ದಳು.

ಇಲ್ಲಿ ನನ್ನ ನೆನಪಿಗೆ ಎರಡು ರೂಪಗಳಿವೆ. ಒಂದರಲ್ಲಿ ನಾನು, "ಇಲ್ಲವ್ವ, ಅದಕ್ಕೂ ನಿನಗೂ ಸಂಬಂಧ ಇಲ್ಲ, ತಪ್ಪು ನಂದು," ಎನ್ನುತ್ತೇನೆ. ಇನ್ನೊಂದರಲ್ಲಿ, "ಹೋಗ್ಲಿ ಬಿಡು, ಆದದ್ದಾತು," ಎನ್ನುತ್ತೇನೆ. ಮೊದಲನೆಯದರಲ್ಲಿ ನನ್ನ ಧ್ವನಿ ಸ್ಪಷ್ಟವಾಗಿದೆ, ಬಿಸಿಲು ಹದವಾಗಿ ಬಿದ್ದಿದೆ, ಅವಳು ತಲೆಯೆತ್ತಿ ನೋಡುತ್ತಾಳೆ. ಎರಡನೆಯದರಲ್ಲಿ ಚೌಡಮ್ಮ ಸೊಪ್ಪಿನ ಹೊರೆ ಹೊತ್ತು ಬಂದು, ದಾರಿ ಬಿಡಿ ಎನ್ನುತ್ತಾಳೆ, ನಾವಿಬ್ಬರೂ ಏಳಬೇಕಾಗುತ್ತದೆ. ಎರಡನೆಯದೇ ನಡೆದದ್ದು ಎಂದು ನನಗೆ ಗೊತ್ತು. ಯಾರೂ ತಮ್ಮ ಸಮಾಧಾನಕ್ಕೆ ಚೌಡಮ್ಮನನ್ನು ಕಲ್ಪಿಸಿಕೊಳ್ಳುವುದಿಲ್ಲ.

ಫೆಬ್ರವರಿ ಮುಗಿಯಿತು. ಫೋನು, ಗುರುತಿನ ಚೀಟಿ ವಾಪಸು ಕೊಟ್ಟು ಗದಗಿಗೆ ಹೊರಟೆ. ನಂಬರುಗಳೆಲ್ಲ ಆ ಫೋನಿನಲ್ಲೇ ಉಳಿದವು ಎಂದು ಬಹಳ ದಿನ ಹೇಳಿಕೊಂಡೆ. ಒಂದು ನಂಬರು ಬರೆದಿಟ್ಟುಕೊಳ್ಳಲು ಎಷ್ಟು ಹೊತ್ತು ಬೇಕು? ಕಾಲೇಜಿಗೆ ಒಂದು ಕಾಗದ ಬರೆಯಬಹುದಿತ್ತು. ಮಾರ್ಚಿನಲ್ಲಿ ಬರೆಯಲಿಲ್ಲ, ಫಲಿತಾಂಶ ಬಂದಾಗಲೂ ಬರೆಯಲಿಲ್ಲ. ಹೋದ ತಿಂಗಳು ಕೋಲಾರದಲ್ಲಿ ಇಳಿದಾಗ ಶ್ರೀನಿವಾಸಪುರದ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್ ನನ್ನ ಮುಖ ನೋಡಿ, "ಹತ್ತೀರಾ ಅಮ್ಮ?" ಎಂದ. ಬಸ್ಸು ತುಂಬಿ ಹೊರಡುವವರೆಗೂ ನಾನು ಅಲ್ಲೇ ನಿಂತಿದ್ದೆ, ಹತ್ತಲಿಲ್ಲ.

ಅವಳಿಗೆ ಆರು ದಿನ ಕಡಿಮೆ ಬಿದ್ದಿತ್ತು. ಜನವರಿಯಲ್ಲಿ ಅವಳು ತೋಟದಲ್ಲಿ ನಿಂತದ್ದು ಎಂಟು ದಿನ. ಇಷ್ಟು ನನಗೆ ಗೊತ್ತು. ಪ್ರಿನ್ಸಿಪಾಲರು ಆ ಆರು ದಿನಗಳನ್ನು ಬಿಟ್ಟುಕೊಟ್ಟರೇ, ಅನೂಷಾ ಪರೀಕ್ಷೆ ಬರೆದಳೇ, ನನಗೆ ಗೊತ್ತಿಲ್ಲ.